ಹರೆಯದ ಸ್ಥೌಲ್ಯವೂ ಮೊಬೈಲ್ ಆಪ್ ಎಂಬ ಹೊಸ ಸಾಧನವೂ

ಆಯುರ್ವೇದದ ಆಕರಗ್ರಂಥಗಳಲ್ಲಿ ಅಗ್ರಗಣ್ಯವಾದ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇಪ್ಪತ್ತೊಂದನೆಯ ಅಧ್ಯಾಯಕ್ಕೆ 'ಅಷ್ಟೌನಿಂದಿತೀಯ' ಎಂದು ಹೆಸರು. ಲೋಕದ ನಿಂದೆಗೆ ಗುರಿಯಾಗುವ ಎಂಟು ಬಗೆಯ ಶರೀರಗಳನ್ನು ಅಲ್ಲಿ ಮೊದಲು ಎಣಿಸಿ, ಅನಂತರ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನು ಮಾತ್ರ ಆರಿಸಿಕೊಂಡು ಗ್ರಂಥಕಾರನು ವಿಸ್ತಾರವಾಗಿ ವಿವೇಚಿಸುತ್ತಾನೆ. ಇವೆರಡರಲ್ಲಿ ಸ್ಥೌಲ್ಯವೇ ಚಿಕಿತ್ಸೆಗೆ ಹೆಚ್ಚು ಕಠಿಣವೆಂಬ ಅಭಿಪ್ರಾಯವೂ ಅಲ್ಲಿ ಉಂಟು. ಆದರೆ ಇಲ್ಲಿ ಗಮನಿಸತಕ್ಕ ಅಂಶ ಬೇರೆ. ದಪ್ಪನಾದವನಿಗೆ ಒಂದು ಅಧ್ಯಾಯ, ತೆಳ್ಳನಾದವನಿಗೆ ಇನ್ನೊಂದು ಅಧ್ಯಾಯ ಎಂದು ಶಾಸ್ತ್ರಕಾರನು ವಿಂಗಡಿಸಲಿಲ್ಲ. ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲಿ ಕೂರಿಸಿ ನೋಡಿದ್ದಾನೆ. ಒಬ್ಬನನ್ನು ಮರೆತು ಇನ್ನೊಬ್ಬನನ್ನು ನೋಡುವುದು ವೈದ್ಯನಿಗೆ ತಕ್ಕುದಲ್ಲ ಎಂಬ ಭಾವ ಆ ರಚನಾಕ್ರಮದಲ್ಲಿಯೇ ಅಡಗಿದೆ ಎಂದರೆ ತಪ್ಪಾಗಲಾರದು.

ಈ ಹಳೆಯ ಅಧ್ಯಾಯವನ್ನು ಈಗ ನೆನೆಯಲು ಕಾರಣವುಂಟು. ಹರೆಯದ ಮಕ್ಕಳಲ್ಲಿ ಬೊಜ್ಜು ಬೆಳೆಯದಂತೆ ತಡೆಯಲು ಮೊಬೈಲ್ ಫೋನಿನಲ್ಲಿ ಬಳಸತಕ್ಕ ಆಪ್‌ಗಳನ್ನು ರಚಿಸಬೇಕೆಂಬ ಉತ್ಸಾಹ ಇಂದು ಎಲ್ಲೆಡೆಯೂ ಕಾಣುತ್ತಿದೆ. ಬೆಂಗಳೂರಿನಲ್ಲಿ ೨೦೧೨ರಲ್ಲಿ ಹುಟ್ಟಿದ ಹೆಲ್ದಿಫೈಮಿ ಎಂಬ ಆಪ್ ಉಂಡದ್ದನ್ನು ಲೆಕ್ಕ ಹಾಕಿ ಹೇಳುವ ಕಾರ್ಯದಲ್ಲಿ ಹೆಸರಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೯ರಲ್ಲಿ 'ನ್ಯೂಟ್ರಿಫೈ ಇಂಡಿಯಾ ನೌ' ಎಂಬುದನ್ನೂ, ಕೇಂದ್ರ ಸರ್ಕಾರವು ೨೦೨೧ರಲ್ಲಿ 'ಫಿಟ್ ಇಂಡಿಯಾ' ಎಂಬುದನ್ನೂ ಜನರ ಕೈಗಿತ್ತವು. ಇವುಗಳ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಆದರೆ ರಾಯಚೂರು ಜಿಲ್ಲೆಯ ಒಂದು ತರಗತಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ರಚಿತವಾದದ್ದು ಇವುಗಳಲ್ಲಿ ಒಂದೂ ಇಲ್ಲ. ಶಾಲೆಯಲ್ಲಿ ಓದಿ ಬೆಂಗಳೂರು, ಹೈದರಾಬಾದುಗಳಲ್ಲಿ ಎಂಜಿನಿಯರುಗಳಾಗಿರುವ ಹಳೆಯ ವಿದ್ಯಾರ್ಥಿಗಳು ಇಂತಹದೊಂದನ್ನು ತಾವೇ ರಚಿಸಿ ಮಾತೃಸಂಸ್ಥೆಗೆ ಅರ್ಪಿಸಬೇಕೆಂದು ಬಯಸುವುದು ಸಹಜ. ದಾನಿಗಳಿಗೂ ಇದು ಮನಸ್ಸಿಗೆ ಒಪ್ಪುವ ಕಾರ್ಯ. ಆ ಬಯಕೆ ಕೈಗೂಡುವ ಮುನ್ನ ಕೆಲವು ಮಾತುಗಳನ್ನು ಆಡಬೇಕಾಗಿದೆ.

ಮೊದಲು ಅಂಕಿಗಳನ್ನು ನೋಡುವುದು ಒಳಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೨ರಲ್ಲಿ ಜಗತ್ತಿನಲ್ಲಿ ಐದರಿಂದ ಹತ್ತೊಂಬತ್ತು ವಯಸ್ಸಿನ ೩೯ ಕೋಟಿ ಮಕ್ಕಳ ತೂಕ ಇರಬೇಕಾದುದಕ್ಕಿಂತ ಹೆಚ್ಚಾಗಿತ್ತು. ಅವರಲ್ಲಿ ೧೬ ಕೋಟಿ ಮಂದಿ ಸ್ಥೂಲಕಾಯರು. ಇನ್ನು ಭಾರತದಲ್ಲಿ ೨೦೧೬ರಿಂದ ೨೦೧೮ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣ ಸಮೀಕ್ಷೆಯು ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಲ್ಲಿ ನೂರಕ್ಕೆ ೨೪ ಮಂದಿ ಕೃಶರೆಂದೂ, ೫ ಮಂದಿ ಅಧಿಕ ತೂಕದವರೆಂದೂ, ೨೮ ಮಂದಿ ರಕ್ತಹೀನರೆಂದೂ ತಿಳಿಸಿತು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ಇದೇ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು ೧೦ ಮಂದಿಯ ರಕ್ತದಲ್ಲಿ ಸಕ್ಕರೆ ಮಧುಮೇಹದ ಹೊಸ್ತಿಲಿಗೆ ಬಂದಿತ್ತು. ತೂಕ ಹೆಚ್ಚಿದವರು ಐವರು, ಸಕ್ಕರೆ ಏರತೊಡಗಿದವರು ಹತ್ತು ಮಂದಿ. ಎಂದಮೇಲೆ ಆ ಹತ್ತು ಮಂದಿಯಲ್ಲಿ ಅರ್ಧದಷ್ಟಾದರೂ ಮಕ್ಕಳು ನೋಟಕ್ಕೆ ದಪ್ಪಗಿರದವರೇ ಆಗಿರಬೇಕಲ್ಲವೇ? ತಕ್ಕಡಿಯನ್ನು ಮಾತ್ರ ನಂಬಿದವನ ಕಣ್ಣಿಗೆ ಅವರು ಬೀಳುವುದಿಲ್ಲ.

ಇದಕ್ಕೆ ಪುಷ್ಟಿಕೊಡುವ ಸಂಶೋಧನೆ ಕರ್ನಾಟಕದಲ್ಲಿಯೇ ನಡೆದಿದೆ ಎಂಬುದು ಬಹುಮಂದಿಗೆ ತಿಳಿಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟ ಹಳೆಯ ದಾಖಲೆಗಳಿದ್ದವು. ಆ ಶಿಶುಗಳು ನಡುವಯಸ್ಸನ್ನು ಮುಟ್ಟಿದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚೆಂದು ೧೯೯೬ರಲ್ಲಿ ಪ್ರಕಟವಾಯಿತು. ಪುಣೆಯ ವೈದ್ಯ ಯಾಜ್ಞಿಕ್ ಅವರು ಭಾರತೀಯ ಶಿಶುವು ತೆಳ್ಳಗೆ ಕಂಡರೂ ಒಳಗೆ ಕೊಬ್ಬನ್ನು ಉಳಿಸಿಕೊಂಡಿರುತ್ತದೆ ಎಂದು ತೋರಿಸಿಕೊಟ್ಟರು. ತಾಯಿಯ ಹೊಟ್ಟೆಯಲ್ಲಿ ಅರೆಹೊಟ್ಟೆಯಾಗಿ ಬೆಳೆದ ಮಗು ಮುಂದೆ ಹರೆಯದಲ್ಲಿ ಒಮ್ಮೆಗೇ ಮೈತುಂಬಿಕೊಂಡರೆ ಅದಕ್ಕೆ ಅಪಾಯ ಹೆಚ್ಚು. ಹಾಗಾಗಿ ಸ್ಥೌಲ್ಯ ನಿವಾರಣೆ ಎಂಬುದು ಕೇವಲ ಪೇಟೆಯ ಶ್ರೀಮಂತರ ಮಕ್ಕಳ ವಿಷಯವೆಂದು ತಿಳಿಯುವುದು ಸಲ್ಲ. ಗುಳೆ ಹೋದ ತಂದೆತಾಯಿಗಳ ಕೃಶನಾದ ಮಗನೂ ಇದರ ವ್ಯಾಪ್ತಿಯಲ್ಲಿಯೇ ಇದ್ದಾನೆ.

ಇನ್ನು ಈ ಜಿಲ್ಲೆಯ ಸ್ಥಿತಿ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿನಲ್ಲಿ ಮೂವತ್ತು ನಲವತ್ತು ಮೈಲಿಗಳ ಅಂತರದಲ್ಲಿ ಮೂರು ಬೇರೆ ಬೇರೆ ಬಗೆಯ ಊಟಗಳಿವೆ. ರಾಯಚೂರು ನಗರದ ಹುಡುಗನೊಬ್ಬನ ದಿನಚರಿಯನ್ನು ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಟ್ಯೂಷನ್, ಹಗಲಿಗೆ ಶಾಲೆ, ಸಂಜೆಗೆ ಮತ್ತೆ ಟ್ಯೂಷನ್. ನಡುವೆ ತಂದೆಯ ದ್ವಿಚಕ್ರವಾಹನದ ಹಿಂಬದಿಯ ಆಸನ. ಹಸಿವಾದಾಗ ಒಗ್ಗರಣೆ ಮಿರ್ಚಿ, ಬಾಯಾಡಿಸಲು ಹತ್ತು ರೂಪಾಯಿಯ ಪೊಟ್ಟಣದ ಕುರುಕಲು, ಬೇಸಗೆಯಲ್ಲಿ ಬಣ್ಣದ ತಂಪು ಪಾನೀಯ. ಇನ್ನೂರೈವತ್ತು ಮಿಲಿಲೀಟರಿನ ಆ ಒಂದು ಬಾಟಲಿಯಲ್ಲಿ ಇಪ್ಪತ್ತೈದು ಗ್ರಾಮಿಗೆ ಕಡಿಮೆಯಿಲ್ಲದಷ್ಟು, ಎಂದರೆ ಐದಾರು ಚಮಚ ಸಕ್ಕರೆಯಿರುವುದುಂಟು. ದೊಡ್ಡವನೊಬ್ಬನು ದಿನವಿಡೀ ಅಷ್ಟಕ್ಕೆ ನಿಲ್ಲಿಸಿದರೆ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದ ಪ್ರಮಾಣ ಅದು. ಈ ಹುಡುಗನು ಸೋಮಾರಿಯಲ್ಲ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾನೆ. ಆದರೆ ಕುಳಿತು ದುಡಿಯುತ್ತಾನೆ. ಅವನನ್ನು ಹಾಗೆ ಕೂರಿಸಿದವರು ಹಿರಿಯರೇ.

ಮಾನ್ವಿಯ ಕಥೆ ನೀರಿನ ಕಥೆ. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದ ಮೇಲೆ ಎಡದಂಡೆಯ ಕಾಲುವೆಯ ನೀರು ಹರಿದ ಕಡೆಗಳಲ್ಲೆಲ್ಲ ಬಿಳಿಜೋಳದ ಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. ನೀರು ಬಂದದ್ದು ಭಾಗ್ಯವೇ ಸರಿ, ಅದನ್ನು ಹಳಿಯುವವನು ಕೃತಘ್ನ. ಆದರೆ ರೊಟ್ಟಿಯ ಜಾಗಕ್ಕೆ ಮೂರು ಹೊತ್ತೂ ಅನ್ನ ಬಂದು ಕುಳಿತುದು ಅದರ ಹಿಂದೆಯೇ ನಡೆಯಿತು. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದುದೂ ಇದಕ್ಕೆ ಸೇರಿತು. ಬಡಿದ ರೊಟ್ಟಿಯನ್ನು ಅಂಗಡಿಯಲ್ಲಿ ಎಣಿಸಿ ಕೊಳ್ಳುವ ಕಾಲ ಬಂದೀತೆಂದು ಹಿಂದಿನವರು ಕನಸಿನಲ್ಲಿಯೂ ನೆನೆದಿರಲಿಕ್ಕಿಲ್ಲ. ಉತ್ತರದ ದೇವದುರ್ಗದ ಕಡೆಯ ಚಿತ್ರ ಮತ್ತೆ ಬೇರೆ. ನಾರಾಯಣಪುರದ ಬಲದಂಡೆಯ ಕಾಲುವೆ ಆ ಸೀಮೆಯ ಒಂದು ಭಾಗಕ್ಕೆ ನೀರು ಕೊಟ್ಟಿದ್ದರೂ, ಮಳೆಯನ್ನೇ ನೋಡುತ್ತ ಕುಳಿತ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಹಾಜರಿ ಪುಸ್ತಕದ ಸಾಲುಗಳು ಖಾಲಿಯಾಗುವುದನ್ನು ಅಲ್ಲಿಯ ಅಧ್ಯಾಪಕರು ಬಲ್ಲರು. ಅಲ್ಲಿಯ ಬಾಲಕಿಯ ಸಮಸ್ಯೆ ರಕ್ತಹೀನತೆಯೇ ಹೊರತು ಬೊಜ್ಜಲ್ಲ.

ಈ ಮೂರೂ ಕಡೆಯ ಮಕ್ಕಳು ಮಠದ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಾರೆ, ಪ್ರಸಾದನಿಲಯದಲ್ಲಿ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ನಗರದ ಇಂಗ್ಲಿಷ್ ಶಾಲೆಗಳಲ್ಲಿ ಕಾಣದ ಈ ಬೆರಕೆಯೇ ಇಂತಹ ಸಂಸ್ಥೆಗಳ ಹೆಮ್ಮೆ. ಆದರೆ ಆಪ್ ರಚಿಸುವವನಿಗೆ ಅದೇ ದೊಡ್ಡ ಕಠಿಣ ಪರೀಕ್ಷೆ. 'ಇಂದು ಕಡಿಮೆ ತಿನ್ನು' ಎಂದು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುವ ಯಂತ್ರವನ್ನು ಆ ಸಾಲಿನ ಮುಂದೆ ಇಟ್ಟರೆ, ರಾಯಚೂರಿನ ಹುಡುಗನಿಗೆ ಆಗುವ ಉಪಕಾರಕ್ಕಿಂತ ದೇವದುರ್ಗದ ಹುಡುಗಿಗೆ ಆಗುವ ಅಪಕಾರವೇ ಹೆಚ್ಚು. ಹದಿನಾಲ್ಕರ ಹರೆಯದಲ್ಲಿ ಮಕ್ಕಳಿಗೆ ತಮ್ಮ ಶರೀರದ ವಿಷಯದಲ್ಲಿ ಸಂಕೋಚ ಸ್ವಭಾವತಃ ಇರುತ್ತದೆ. ಕೃಶಳಾದವಳೂ ತಾನು ದಪ್ಪವೆಂದು ತಿಳಿದು ತುತ್ತು ಬಿಡುವ ವಯಸ್ಸು ಅದು. ಆದಕಾರಣ ಇಲ್ಲಿ ರಚಿಸತಕ್ಕ ಆಪ್‌ಗೆ ಪ್ರಥಮ ನಿಯಮ ಇದಾಗಬೇಕು: ಅದು ಮಗುವಿನ ತೂಕವನ್ನು ಕೇಳಲೂ ಕೂಡದು, ತೋರಿಸಲೂ ಕೂಡದು.

ತೂಕವನ್ನೇ ಕೇಳದೆ ಸ್ಥೌಲ್ಯವನ್ನು ತಡೆಯುವುದೆಂತು ಎಂದು ಯಾರಾದರೂ ನಗಬಹುದು. ತೂಕ ನೋಡಬಾರದೆಂದಲ್ಲ, ಅದನ್ನು ನೋಡುವ ಕೈ ಯಾವುದು ಎಂಬುದೇ ಪ್ರಶ್ನೆ. ದೊಡ್ಡವರಿಗೆ ಎತ್ತರ ತೂಕಗಳಿಂದ ಒಂದು ಸೂಚ್ಯಂಕವನ್ನು ಲೆಕ್ಕಹಾಕಿ ಇಷ್ಟಕ್ಕೆ ಮೇಲಾದರೆ ಹೆಚ್ಚು ಎಂದು ಹೇಳಿಬಿಡಬಹುದು. ಬೆಳೆಯುವ ಮಕ್ಕಳಿಗೆ ಹಾಗಲ್ಲ. ಹನ್ನೆರಡರ ಹುಡುಗನಿಗೆ ಬೇರೆ, ಹದಿನಾರರವನಿಗೆ ಬೇರೆ, ಹುಡುಗಿಗೆ ಮತ್ತೂ ಬೇರೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು ೨೦೧೫ರಲ್ಲಿ ಐದರಿಂದ ಹದಿನೆಂಟು ವರ್ಷದವರಿಗಾಗಿ ಪ್ರತ್ಯೇಕ ಬೆಳವಣಿಗೆಯ ನಕ್ಷೆಗಳನ್ನು ಪ್ರಕಟಿಸಿದ್ದು ಇದಕ್ಕಾಗಿಯೇ. ಆ ನಕ್ಷೆಯನ್ನು ಓದುವುದು ವರ್ಷಕ್ಕೆರಡು ಬಾರಿ ಶಾಲೆಗೆ ಬರುವ ವೈದ್ಯರ ಕೆಲಸ. ಅಂಕಿಯು ಅವರ ಪುಸ್ತಕದಲ್ಲಿರಲಿ, ಅಗತ್ಯವಾದರೆ ತಾಯಿಗೆ ತಿಳಿಯಲಿ. ಅಧ್ಯಾಪಕ ಮಿತ್ರರು ಮುನಿಯಬಾರದು: ಅಂಕಗಳನ್ನು ಸೂಚನಾಫಲಕಕ್ಕೆ ಅಂಟಿಸಿ ಅಂಟಿಸಿ ರೂಢಿಯಾದ ಕೈಗಳಿಗೆ ತೂಕವನ್ನೂ ಅಂಟಿಸುವ ಮನಸ್ಸು ಬಂದೀತೆಂಬ ಅಂಜಿಕೆ ನಿರಾಧಾರವಲ್ಲ. 'ಡುಮ್ಮ' ಎಂಬ ಅಡ್ಡಹೆಸರು ಹತ್ತನೆಯ ತರಗತಿ ಮುಗಿದ ಮೇಲೂ ಮನುಷ್ಯನನ್ನು ಬಿಡುವುದಿಲ್ಲ. ಹಳೆಯ ವಿದ್ಯಾರ್ಥಿಗಳ ಸಮ್ಮೇಳನಗಳಲ್ಲಿ ನರೆತ ತಲೆಯವರು ಸಹ ಆ ಹೆಸರಿನಿಂದಲೇ ಕರೆಸಿಕೊಳ್ಳುವುದುಂಟು.

ದೂರದ ಒಂದು ನಿದರ್ಶನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಪ್ರಯೋಜನಕರ. ಅಮೆರಿಕದಲ್ಲಿ ತೂಕ ಇಳಿಸುವ ವ್ಯವಹಾರದಲ್ಲಿ ಹೆಸರಾದ ವೇಯ್ಟ್ ವಾಚರ್ಸ್ ಸಂಸ್ಥೆಯು ೨೦೧೯ರ ಆಗಸ್ಟಿನಲ್ಲಿ 'ಕುರ್ಬೊ' ಎಂಬ ಆಪ್ ಅನ್ನು ಎಂಟರಿಂದ ಹದಿನೇಳು ವರ್ಷದ ಮಕ್ಕಳಿಗಾಗಿ ಹೊರತಂದಿತು. ರಸ್ತೆಯ ಸಂಜ್ಞಾದೀಪದ ಕ್ರಮದಲ್ಲಿ ಆಹಾರಗಳನ್ನು ಹಸಿರು, ಹಳದಿ, ಕೆಂಪು ಎಂದು ವಿಭಜಿಸಿ, ಮಗುವು ತಾನು ಉಂಡದ್ದನ್ನು ಬರೆದುಕೊಳ್ಳಬೇಕು ಎಂಬುದು ಅದರ ವಿಧಾನ. ಬಣ್ಣಗಳ ಆ ವಿಭಜನೆಗೆ ವೈದ್ಯಶಾಸ್ತ್ರದ ಆಧಾರವೇನೋ ಇತ್ತು. ಆದರೆ ಆಸ್ಪತ್ರೆಯಲ್ಲಿ ವೈದ್ಯನೂ ತಂದೆತಾಯಿಯೂ ಕೂಡಿ ಬಳಸಿದ ಕ್ರಮ ಒಂದು, ಒಬ್ಬಂಟಿಯಾಗಿ ಕುಳಿತ ಮಗುವಿನ ಕೈಗೆ ಕೊಟ್ಟ ಕ್ರಮ ಇನ್ನೊಂದು. ಎಂಟು ವರ್ಷದ ಮಗುವಿಗೆ ಊಟವೇ ಅಪರಾಧವೆಂಬ ಭಾವನೆ ಬಂದೀತೆಂದು ಊಟದ ವೈಪರೀತ್ಯಗಳನ್ನು ಬಲ್ಲ ತಜ್ಞರೂ ಪೋಷಕರೂ ಒಡನೆಯೇ ಆಕ್ಷೇಪಿಸಿದರು. ಕಥೆ ಅಷ್ಟಕ್ಕೆ ನಿಲ್ಲಲಿಲ್ಲ. ಪೋಷಕರ ಅನುಮತಿಯಿಲ್ಲದೆ ಮಕ್ಕಳ ವಿವರಗಳನ್ನು ಸಂಗ್ರಹಿಸಿದರೆಂಬ ಆರೋಪದ ಮೇಲೆ ಅಲ್ಲಿಯ ವಾಣಿಜ್ಯ ಆಯೋಗವು ಕ್ರಮ ಕೈಗೊಂಡು, ೨೦೨೨ರಲ್ಲಿ ಹದಿನೈದು ಲಕ್ಷ ಡಾಲರು ದಂಡದ ಜೊತೆಗೆ ಹಾಗೆ ಕೂಡಿಸಿದ ವಿವರಗಳನ್ನು ಅಳಿಸುವಂತೆಯೂ, ಅವುಗಳಿಂದ ಕಟ್ಟಿದ ಗಣನಸೂತ್ರಗಳನ್ನು ನಾಶಮಾಡುವಂತೆಯೂ ಒಪ್ಪಂದವಾಯಿತು. ಹಣಕ್ಕಾಗಲಿ, ಪಂಡಿತರಿಗಾಗಲಿ ಆ ಸಂಸ್ಥೆಯಲ್ಲಿ ಕೊರತೆಯಿರಲಿಲ್ಲ. ಮಗುವನ್ನು ಗಿರಾಕಿಯೆಂದು ಭಾವಿಸಿದುದರಲ್ಲಿಯೇ ತಪ್ಪಿತ್ತು.

ಭಾರತದಲ್ಲಿಯೂ ಈಗ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವಿದೆ. ಹದಿನೆಂಟು ತುಂಬದವರ ವಿವರಗಳನ್ನು ಪಡೆಯಲು ಪೋಷಕರ ಸಮ್ಮತಿ ಬೇಕೆಂದೂ, ಮಕ್ಕಳ ನಡವಳಿಕೆಯ ಜಾಡು ಹಿಡಿಯಲಾಗದೆಂದೂ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಲಾಗದೆಂದೂ ಅದು ಸಾಮಾನ್ಯವಾಗಿ ವಿಧಿಸುತ್ತದೆ. ಕಾನೂನು ಇದ್ದೂ ಅದನ್ನು ಓದದೆ ಆಪ್ ಕಟ್ಟುವವರಿದ್ದಾರೆ. ಮಗುವಿನ ಹೆಸರನ್ನೇ ಕೇಳದ ಆಪ್‌ಗೆ ಈ ಚಿಂತೆಯೇ ಇಲ್ಲ.

ತೂಕದ ಅನಂತರ ಕ್ಯಾಲೊರಿಯ ಪ್ರಶ್ನೆ. ಬಹುಪಾಲು ಆಪ್‌ಗಳು ಉಂಡದ್ದನ್ನೆಲ್ಲ ಕ್ಯಾಲೊರಿಗಳಾಗಿ ಪರಿವರ್ತಿಸಿ ಕೂಡಿ ಕಳೆಯುತ್ತವೆ. ರಾಯಚೂರಿನ ಊಟದ ಮುಂದೆ ಈ ಗಣಿತ ಸೋಲುತ್ತದೆ. ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ೫೨೮ ಆಹಾರಗಳ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು ೩೩೪ ಕ್ಯಾಲೊರಿ, ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು ೩೫೬. ಕ್ಯಾಲೊರಿಯನ್ನು ಮಾತ್ರ ನೋಡುವವನಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ. ಆದರೆ ಜೋಳದಲ್ಲಿ ನಾರು ಹತ್ತು ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಜೋಳದ ರೊಟ್ಟಿಯನ್ನು ಅಗಿದು ಉಣ್ಣಬೇಕು, ಬೇಗ ಮುಗಿಯದು, ಬೇಗ ಹಸಿಯದು. ಅದರ ಜೊತೆಗೆ ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಸೇರಿದರೆ ಆ ತಟ್ಟೆಗೆ ಸಾಟಿಯಾದ ಊಟವನ್ನು ಯಾವ ಪರದೇಶದ ಪಟ್ಟಿಯೂ ತೋರಿಸಲಾರದು. ಶೇಂಗಾದಲ್ಲಿ ಎಣ್ಣೆಯಿದೆಯೆಂದು ಆಪ್ ಅದಕ್ಕೆ ಕೆಂಪು ದೀಪ ಹಚ್ಚಿದರೆ, ದೇವದುರ್ಗದ ಹುಡುಗಿಯ ತಟ್ಟೆಯಿಂದ ಇದ್ದ ಅಷ್ಟು ಸತ್ತ್ವವೂ ಹೋಗುತ್ತದೆ.

ಭಾಷೆಯ ವಿಷಯವೂ ಇಲ್ಲಿಯೇ ಬರುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ಯಂತ್ರದಿಂದ ತಿರುಗಿಸಿದ ಆಪ್ 'ಒಂದು ಕಪ್ ಬೇಯಿಸಿದ ಧಾನ್ಯ' ಎಂದು ಕೇಳಿದರೆ ಮಾನ್ವಿಯ ಹುಡುಗಿ ಏನೆಂದು ಉತ್ತರಿಸಬೇಕು? ಅವಳ ಮನೆಯಲ್ಲಿ ರೊಟ್ಟಿಗೆ ಎಣಿಕೆಯುಂಟು, ಕಪ್ಪಿಲ್ಲ. ನುಚ್ಚು, ಮುಟಗಿ, ಸೂಸಲ, ಗುರೆಳ್ಳು ಪುಡಿ ಎಂದು ಆಡುವ ಊರಿನ ಮಕ್ಕಳಿಗೆ ಬೆಂಗಳೂರಿನ ತಿಂಡಿಗಳ ಹೆಸರಿನ ಪಟ್ಟಿಯನ್ನು ಕೊಟ್ಟರೆ ಅದೂ ಪರಭಾಷೆಯೇ. ಶಾಸ್ತ್ರವನ್ನು ಹೇಳಲು ಕನ್ನಡದಲ್ಲಿ ಶಬ್ದಗಳಿಲ್ಲವೆಂಬ ಮಾತು ಇನ್ನು ಸಾಕು. ಎರಡನೆಯ ಚಾವುಂಡರಾಯನು ೧೦೨೫ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಯೂ ಇದೆ, ವೈದ್ಯವೂ ಇದೆ, ಬಾವಿ ತೋಡಲು ನೀರನ್ನು ಕಾಣುವ ಬಗೆಯೂ ಇದೆ. ಸಾವಿರ ವರ್ಷದ ಹಿಂದೆ ಗೃಹಸ್ಥನಿಗೆ ಬೇಕಾದ ಶಾಸ್ತ್ರವನ್ನು ಹೇಳಬಲ್ಲದಾಗಿದ್ದ ಭಾಷೆ, ಹತ್ತನೆಯ ತರಗತಿಯ ಹುಡುಗನಿಗೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳ ಅರ್ಥವನ್ನು ಹೇಳಲಾರದೆ? ಉಪ್ಪು ಎಷ್ಟು, ಸಕ್ಕರೆ ಎಷ್ಟು, ಎಣ್ಣೆ ಯಾವುದು ಎಂಬುದನ್ನು ಪೊಟ್ಟಣದ ಚಿತ್ರ ಹಿಡಿದೊಡನೆ ಅಚ್ಚಗನ್ನಡದಲ್ಲಿ ಚಮಚಗಳ ಲೆಕ್ಕದಲ್ಲಿ ಹೇಳುವ ಆಪ್ ಒಂದಾದರೆ, ಅದು ಫೋನಿನಿಂದಲೇ ಆಗಬಲ್ಲ ಕೆಲಸ. ತೂಕವನ್ನು ಹೆಸರಿಸದೆ ತೂಕವನ್ನು ತಡೆಯುವ ಕೆಲಸವೂ ಹೌದು. ಕೃಶನಿಗೂ ಅದರಿಂದ ಹಾನಿಯಿಲ್ಲ.

ಅದು ಯಾರ ಕೈಯ ಫೋನು ಎಂಬುದನ್ನು ರಚಿಸುವವರು ಮರೆಯುವುದುಂಟು. ೨೦೨೪ರ 'ಅಸರ್' ವರದಿಯಂತೆ ದೇಶದ ಹಳ್ಳಿಗಳಲ್ಲಿ ಹದಿನಾಲ್ಕರಿಂದ ಹದಿನಾರು ವಯಸ್ಸಿನ ಮಕ್ಕಳ ಪೈಕಿ ನೂರಕ್ಕೆ ಸುಮಾರು ೯೦ ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಬಳಸಬಲ್ಲ ಮಕ್ಕಳಲ್ಲಿ ಸ್ವಂತದ ಫೋನು ಉಳ್ಳವರು ಹುಡುಗರಲ್ಲಿ ನೂರಕ್ಕೆ ಸುಮಾರು ೩೬, ಹುಡುಗಿಯರಲ್ಲಿ ಸುಮಾರು ೨೭ ಮಾತ್ರ. ಉಳಿದವರಿಗೆ ಅಪ್ಪನ ಫೋನು, ಅಣ್ಣನ ಫೋನು. ಅಣ್ಣನು ತೆರೆದು ನೋಡಬಲ್ಲ ಯಂತ್ರದಲ್ಲಿ ತಂಗಿಯು ತನ್ನ ಶರೀರದ ಸಂಗತಿಯನ್ನು ಬರೆದಿಡುವಳೆಂದು ನಂಬುವವರು ಈ ಸೀಮೆಯ ಮನೆಗಳನ್ನು ಕಂಡವರಲ್ಲ. ಹೆಜ್ಜೆ ಎಣಿಸುವ ಆಪ್‌ಗಳ ಸ್ಥಿತಿಯೂ ಹೀಗೆಯೇ. ಫೋನು ಜೇಬಿನಲ್ಲಿದ್ದರೆ ತಾನೆ ಹೆಜ್ಜೆಯ ಎಣಿಕೆ? ಶಾಲೆಯೊಳಗೆ ಫೋನು ತರುವಂತಿಲ್ಲ, ಅದು ಸರಿಯೂ ಹೌದು. ಬೆಳಗಾಗುವ ಮುನ್ನ ನೀರು ಹೊತ್ತು, ಎರಡು ಮೈಲಿ ನಡೆದು ಬಸ್ಸು ಹಿಡಿದು, ಸಂಜೆ ಹೊಲದಲ್ಲಿ ಬಗ್ಗಿ ದುಡಿದ ಹುಡುಗಿಯ ಲೆಕ್ಕದಲ್ಲಿ ಹೆಜ್ಜೆಗಳು ಸೊನ್ನೆ. ಅವಳಿಗೆ 'ನೀನು ಇಂದು ನಡೆಯಲಿಲ್ಲ' ಎಂದು ಯಂತ್ರ ಎಚ್ಚರಿಕೆ ಕೊಡುತ್ತದೆ! ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಪ್ರಸಿದ್ಧ ಸಂಖ್ಯೆಯಾದರೂ ಬಂದದ್ದು ೧೯೬೫ರಲ್ಲಿ ಜಪಾನಿನ ಸಂಸ್ಥೆಯೊಂದು ತನ್ನ ಹೆಜ್ಜೆಗಣಕವನ್ನು ಮಾರುವುದಕ್ಕಾಗಿ ಇಟ್ಟ ಹೆಸರಿನಿಂದ. ವೈದ್ಯಶಾಸ್ತ್ರ ಅದನ್ನು ವಿಧಿಸಿರಲಿಲ್ಲ.

ಐದರಿಂದ ಹದಿನೇಳು ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ ಅರುವತ್ತು ನಿಮಿಷ ಮೈಬೆವರುವ ಆಟ ಅಥವಾ ದುಡಿಮೆ. ಮಕ್ಕಳನ್ನು ಆಟಕ್ಕೆ ಎಬ್ಬಿಸಲು ಫೋನಿಗೆ ಶಕ್ತಿಯೇ ಇಲ್ಲವೆಂದೇನಲ್ಲ. ೨೦೧೬ರಲ್ಲಿ 'ಪೋಕೆಮಾನ್ ಗೋ' ಎಂಬ ಆಟ ಬಂದಾಗ ಜಗತ್ತಿನ ತರುಣರೆಲ್ಲ ಬೀದಿಗಿಳಿದರು. ಅಮೆರಿಕದಲ್ಲಿ ತರುಣವಯಸ್ಕರ ಹೆಜ್ಜೆಗಳನ್ನು ಅಳೆದ ಒಂದು ಅಧ್ಯಯನದಲ್ಲಿ ಮೊದಲ ವಾರ ದಿನಕ್ಕೆ ಒಂಬೈನೂರೈವತ್ತರಷ್ಟು ಹೆಜ್ಜೆಗಳು ಹೆಚ್ಚಿದ್ದವು, ಆರನೆಯ ವಾರಕ್ಕೆ ಆ ಹೆಚ್ಚಳ ಪೂರ್ತಿಯಾಗಿ ಕರಗಿತ್ತು. ಫೋನಿನ ಆಕರ್ಷಣೆಯ ಆಯುಷ್ಯ ಇಷ್ಟು. ಜಾಣನಾದ ರಚನಕಾರನು ಇದನ್ನು ದೋಷವೆಂದು ಹಲುಬದೆ, ಆ ಆರು ವಾರಗಳನ್ನೇ ಬಳಸಿಕೊಳ್ಳಬೇಕು. ಆರು ವಾರಗಳಲ್ಲಿ ಒಂದು ತಂಡ ಕಟ್ಟಿ, ಒಂದು ಆಟದ ರೂಢಿ ಬಿದ್ದರೆ, ಆಮೇಲೆ ಆಪ್ ತಾನಾಗಿ ನಿಂತುಹೋಗಲಿ. ಒಬ್ಬೊಬ್ಬನನ್ನು ಬೇರೆಯಾಗಿ ಎಣಿಸಿ ಮೊದಲನೆಯವನು, ಕೊನೆಯವನು ಎಂದು ಪಟ್ಟಿ ಮಾಡದೆ ಇಡೀ ತರಗತಿಗೆ ಕೂಡಿ ಒಂದು ಲೆಕ್ಕ ಕೊಡಲಿ. ರಾಯಚೂರಿನ ಮಕ್ಕಳಿಗೆ ಹತ್ತಲು ಕೋಟೆಯ ಬೆಟ್ಟವಿದೆ, ಸುತ್ತಲು ಮಾವಿನಕೆರೆಯ ದಂಡೆಯಿದೆ. ೧೨೯೪ರ ಶಾಸನವನ್ನು ಹೊತ್ತ ಕೋಟೆಯ ಆ ಮಹಾಶಿಲೆಯ ಮೇಲೆ ಅದನ್ನು ಎಳೆದು ತಂದ ಬಗೆಯನ್ನೂ ಕೆತ್ತಿದ್ದಾರೆ. ಅದನ್ನು ಹುಡುಕಿ ಹೋಗಿ ಓದಿಬನ್ನಿ ಎಂದು ಆಪ್ ಒಂದು ರವಿವಾರ ಮಕ್ಕಳನ್ನು ಅಟ್ಟಿದರೆ ಚರಿತ್ರೆಯೂ ಆಯಿತು, ಬೆವರೂ ಆಯಿತು. ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುತ್ತದೆ. ತಂಪು ದೇಶದವರು ಬರೆದ ಆಪ್ ಆಗ ಮಧ್ಯಾಹ್ನ ಮೂರಕ್ಕೆ 'ಹೊರಗೆ ನಡೆ' ಎಂದೀತು. ಇಲ್ಲಿಯ ಆಪ್‌ಗೆ ಬಿಸಿಲಿನ ಜ್ಞಾನ ಇರತಕ್ಕದ್ದು.

ಇಷ್ಟೆಲ್ಲ ತೊಡಕುಗಳಿರುವಾಗ ಫೋನನ್ನೇ ದೂರವಿಟ್ಟರಾಗದೆ ಎಂದು ಕೆಲವು ಹಿರಿಯ ಅಧ್ಯಾಪಕರು ಕೇಳುತ್ತಾರೆ. ಆ ಮಾತಿನಲ್ಲಿ ನ್ಯಾಯವಿದೆ. ಮಕ್ಕಳನ್ನು ಕೂರಿಸಿದುದರಲ್ಲಿ ಫೋನಿನ ಪಾಲೂ ಉಂಟು. ರೋಗ ತಂದ ಕೈಯಿಂದಲೇ ಮದ್ದನ್ನು ಬೇಡುವುದು ವಿಚಿತ್ರವೇ. ಆದರೆ ೨೦೨೦ರ ಮಹಾಮಾರಿಯ ಕಾಲದಲ್ಲಿ ಪಾಠಕ್ಕೆಂದು ಮನೆಯ ಫೋನನ್ನು ಮಕ್ಕಳ ಕೈಗೆ ಕೊಡಿಸಿದ್ದು ಶಾಲೆಗಳೇ. ಅದು ಇನ್ನು ಹಿಂದಿರುಗಿ ಬರುವಂತಿಲ್ಲ. ಆ ಪರದೆಯ ಮೇಲೆ ಪೊಟ್ಟಣದ ತಿಂಡಿಯ ಜಾಹೀರಾತು ದಿನಕ್ಕೆ ಹತ್ತು ಸಲ ಮಾತನಾಡುತ್ತಿರುವಾಗ, ಅದಕ್ಕೆ ಎದುರಾಗಿ ಒಂದು ಸಲವಾದರೂ ಬೇರೆ ದನಿ ಕೇಳಬೇಕಾದದ್ದು ಅವಶ್ಯ. ಆಹಾರ ಸುರಕ್ಷತಾ ಪ್ರಾಧಿಕಾರವು ೨೦೨೦ರಲ್ಲಿ ಮಾಡಿದ ನಿಯಮದಂತೆ ಉಪ್ಪು, ಸಕ್ಕರೆ, ಕೊಬ್ಬು ಮಿತಿಮೀರಿದ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ ಐವತ್ತು ಮೀಟರಿನೊಳಗೆ ಮಾರುವಂತಿಲ್ಲ. ಈ ನಿಯಮ ಇರುವುದು ಎಷ್ಟು ಮುಖ್ಯೋಪಾಧ್ಯಾಯರಿಗೆ ಗೊತ್ತು? ಗೊತ್ತಿದ್ದರೂ ಗೇಟಿನ ಮುಂದಿನ ಬಡ ಅಂಗಡಿಯವನನ್ನು ಎಬ್ಬಿಸಲು ಯಾರಿಗೆ ಮನಸ್ಸು ಬಂದೀತು? ಅವನಿಗೆ ಬೇಯಿಸಿದ ಶೇಂಗಾ, ಪೇರಲ, ಮಜ್ಜಿಗೆಗಳನ್ನು ಮಾರುವಂತೆ ಬಂಡವಾಳ ಕೊಡುವುದು ಆಪ್ ಕಟ್ಟುವುದಕ್ಕಿಂತ ಅಗ್ಗ.

ದಾನಿಗಳ ಸನ್ನಿಧಿಯಲ್ಲಿ ಹೇಳಬೇಕಾದ ಮಾತು ಇದಕ್ಕೆ ಸೇರಿದ್ದು. ಆಪ್ ಎಂಬುದು ಕಟ್ಟಡದಂತೆ ಒಮ್ಮೆ ಕಟ್ಟಿ ಶಿಲಾಫಲಕ ಹಾಕುವ ವಸ್ತುವಲ್ಲ. ಫೋನುಗಳು ಬದಲಾದಂತೆ ಅದನ್ನೂ ವರ್ಷ ವರ್ಷವೂ ತಿದ್ದುತ್ತಿರಬೇಕು, ಇಲ್ಲವಾದರೆ ಎರಡು ಮೂರು ವರ್ಷಗಳಲ್ಲಿ ಅದು ತೆರೆಯುವುದೇ ಇಲ್ಲ. ಆದ್ದರಿಂದ ಒಂದು ದೊಡ್ಡ ಮೊತ್ತಕ್ಕಿಂತ ಪ್ರತಿವರ್ಷದ ಸಣ್ಣ ಮೊತ್ತ ಮೇಲು. ಅದಕ್ಕೂ ಮೊದಲು ಹಣ ಬೇಕಾದ ಎರಡು ಸ್ಥಳಗಳಿವೆ. ಒಂದು ಆಟದ ಮೈದಾನ, ಇನ್ನೊಂದು ದೈಹಿಕ ಶಿಕ್ಷಕರ ಹುದ್ದೆ. ಪರೀಕ್ಷೆ ಸಮೀಪಿಸಿದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಪದ್ಧತಿ ಇರುವ ತನಕ ಯಾವ ಆಪ್ ಕೂಡ ಮಕ್ಕಳನ್ನು ಓಡಿಸಲಾರದು. ದೇಹದ ದುಡಿಮೆಯನ್ನು ಪೂಜೆಯ ಪದವಿಗೆ ಏರಿಸಿ ಅದಕ್ಕೆ 'ಕಾಯ' ಶಬ್ದದಿಂದಲೇ ಕಾಯಕವೆಂಬ ಹೆಸರಿತ್ತ ಪ್ರಸಿದ್ಧಿಯುಳ್ಳ ಪರಂಪರೆಯ ಶಾಲೆಗಳಲ್ಲಿ ಆಟದ ಅವಧಿ ಮೊದಲು ಬಲಿಯಾಗುವುದು ಸೋಜಿಗದ ಸಂಗತಿ.

ಆಪ್ ರಚಿಸಲೆಂದು ಮುಂದಾಗುವ ಹಳೆಯ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ತೆರೆಯುವ ಮುನ್ನ ಮೂರು ದಿನ ಊರಿಗೆ ಬರಲಿ. ಒಂದು ದಿನ ನಗರದ ಟ್ಯೂಷನ್ನಿನ ಬಾಗಿಲಲ್ಲಿ ನಿಂತು ಮಕ್ಕಳು ಏನು ಕೊಳ್ಳುತ್ತಾರೆಂದು ನೋಡಲಿ. ಒಂದು ದಿನ ಮಾನ್ವಿಯ ಒಂದು ಮನೆಯಲ್ಲಿ ರಾತ್ರಿಯ ಊಟಕ್ಕೆ ಕೂರಲಿ. ಮೂರನೆಯ ದಿನ ಪ್ರಸಾದನಿಲಯದಲ್ಲಿ ಕೈಯಲ್ಲಿ ಸೌಟು ಹಿಡಿದು ಬಡಿಸಲಿ. ಯಾವ ಮಗು ಎರಡನೆಯ ಸಲ ಕೇಳುತ್ತದೆ, ಯಾವುದು ಕೇಳಲು ನಾಚಿ ತಟ್ಟೆಯನ್ನು ಮುಂದೂಡದೆ ಕುಳಿತಿರುತ್ತದೆ ಎಂಬುದು ಸಾಲಿನ ಕೊನೆಯನ್ನು ಮುಟ್ಟುವಷ್ಟರಲ್ಲಿ ಬಡಿಸುವವನಿಗೆ ತಿಳಿದುಬಿಡುತ್ತದೆ. ಆ ಮೇಲೆ ಬೆಂಗಳೂರಿಗೆ ಹಿಂದಿರುಗಿ, ಕರಡು ಸಿದ್ಧವಾದೊಡನೆ ಅದನ್ನು ಮೊದಲು ದೇವದುರ್ಗದ ಬಾಲಕಿಯೊಬ್ಬಳಿಗೆ ಕೊಟ್ಟು, ಅವಳು ಬಳಸಿ ಬೇಡವೆಂದುದನ್ನೆಲ್ಲ ತೆಗೆದುಹಾಕಲಿ.